ಕೇಳುವ ಕಿವಿ, ಮಾಡುವ ಕೈ

ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಕಿವಿಗೊಟ್ಟು ಆಲಿಸುವುದೂ ಕೇಳುವುದೇ. ತಿಳಿಯದುದನ್ನು ಪ್ರಶ್ನಿಸುವುದೂ ಕೇಳುವುದೇ. ಹಾಗೆಯೇ ‘ಆಡು’ ಎಂಬ ಮಾತಿಗೂ ಎರಡು ಅರ್ಥಗಳಿವೆ. ಮಾತನ್ನೂ ಆಡುತ್ತೇವೆ, ಚೆಂಡನ್ನೂ ಆಡುತ್ತೇವೆ. ನಮ್ಮ ಹಿರಿಯರು ಈ ಬೇರೆ ಬೇರೆ ಕೆಲಸಗಳಿಗೆ ಒಂದೊಂದೇ ಮಾತನ್ನು ಬಳಸಿದ್ದು ಆಕಸ್ಮಿಕವಾಗಿರಬಹುದು. ಆದರೂ ವಿದ್ಯಾಭ್ಯಾಸವನ್ನು ಕುರಿತು ಯೋಚಿಸುವವರಿಗೆ ಇಲ್ಲೊಂದು ಬೆಲೆಯುಳ್ಳ ಸೂಚನೆಯಿದೆ. ಆಲಿಸುವ ಮಗು ಪ್ರಶ್ನಿಸಲೂ ಬೇಕು. ಮಾತನಾಡುವ ಮಗು ಆಟವಾಡಲೂ ಬೇಕು. ನಮ್ಮ ಪಾಠಶಾಲೆಗಳಲ್ಲಿ ಬಹುಕಾಲದಿಂದ ‘ಕೇಳು’ ಎಂಬುದಕ್ಕೆ ‘ಸುಮ್ಮನೆ ಕುಳಿತು ಆಲಿಸು’ ಎಂಬ ಒಂದೇ ಅರ್ಥ ಉಳಿದುಬಂದಿದೆ. ಇದರಿಂದ ಎಲ್ಲ ವಿಷಯಗಳಿಗೂ ನಷ್ಟವಾಗಿದೆ. ಅತ್ಯಂತ ಹೆಚ್ಚು ನಷ್ಟವಾಗಿರುವುದು ವಿಜ್ಞಾನಕ್ಕೆ.

ನಾನು ಹಲವು ವರ್ಷಗಳ ಕಾಲ ಕನ್ನಡ ಪಾಠ ಹೇಳಿದವನು, ವಿಜ್ಞಾನದ ಉಪಾಧ್ಯಾಯನಲ್ಲ. ಆದರೆ ನನ್ನ ತರಗತಿಯ ಪಕ್ಕದ ಕೋಣೆಯಿಂದ ವಿಜ್ಞಾನದ ಪಾಠಗಳು ನನ್ನ ಕಿವಿಗೆ ಬೀಳುತ್ತಿದ್ದವು. “ಕಂಪಿಸುವ ವಸ್ತುವಿನಿಂದ ಶಬ್ದವು ಉಂಟಾಗುತ್ತದೆ” ಎಂಬ ವಾಕ್ಯವನ್ನು ನಲವತ್ತು ಮಕ್ಕಳು ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದರು. ಅದೇ ಹೊತ್ತಿಗೆ ಶಾಲೆಯ ಗಂಟೆ ಬಾರಿಸುತ್ತಿತ್ತು. ಬಾರಿಸಿದ ಗಂಟೆಯನ್ನು ಮೆಲ್ಲನೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಬಿಗಿಯಾಗಿ ಹಿಡಿದರೆ ನಾದ ನಿಂತುಹೋಗುತ್ತದೆ. ಒಪ್ಪಿಸುತ್ತಿದ್ದ ಆ ವಾಕ್ಯದ ಸತ್ಯವೆಲ್ಲ ಇಪ್ಪತ್ತು ಹೆಜ್ಜೆ ದೂರದಲ್ಲಿ ತೂಗುತ್ತಿತ್ತು. ಆ ಗಂಟೆಯನ್ನು ಒಮ್ಮೆ ಮುಟ್ಟಿ ಬನ್ನಿ ಎಂದು ಹೇಳುವವರು ಬೇಕಾಗಿತ್ತು, ಅಷ್ಟೇ. ‘ಮುಟ್ಟಿ ಬನ್ನಿ’ ಎಂದು ಹೇಳಬಲ್ಲ ಒಂದು ಧ್ವನಿಯನ್ನು ಪ್ರತಿಯೊಂದು ಪ್ರಾಥಮಿಕ ಶಾಲೆಗೂ ತಲುಪಿಸುವುದು ಸಾಧ್ಯವೇ? ಅಂತಹ ಧ್ವನಿಯ ಜೊತೆಗೆ ಆಟವನ್ನು ಸೇರಿಸಿದರೆ ಚಿಕ್ಕ ಮಕ್ಕಳು ವಿಜ್ಞಾನವನ್ನು ಕಲಿಯಬಲ್ಲರೇ? ಕಲಿಯಬಲ್ಲರು, ಆದರೆ ಕೆಲವು ನಿಯಮಗಳಿಗೆ ಒಳಪಟ್ಟು ಮಾತ್ರ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ನಿವೇದಿಸುತ್ತೇನೆ.

ಧ್ವನಿಯ ಮೂಲಕ ಪಾಠ ಹೇಳುವ ವಿಚಾರ ಹೊಸದಲ್ಲ. ನಮ್ಮ ನಾಡಿನಲ್ಲಿ ಬಾನುಲಿಯ ಕಥೆ ಆರಂಭವಾದುದೇ ಒಬ್ಬ ಉಪಾಧ್ಯಾಯರ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಪ್ರಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದುದು ಅಲ್ಲಿಂದ. ಮುಂದೆ 1975ರ ಆಗಸ್ಟ್ ತಿಂಗಳಿಂದ 1976ರ ಜುಲೈವರೆಗೆ, ಒಂದು ವರ್ಷ ಕಾಲ, ಕೃತಕ ಉಪಗ್ರಹದ ನೆರವಿನಿಂದ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ತಲುಪಿದವು. ಶಾಲೆಯ ಮಕ್ಕಳಿಗಾಗಿ ವಿಜ್ಞಾನದ ಪಾಠಗಳೂ ಅವುಗಳಲ್ಲಿದ್ದವು. ಈ ಸಾಹಸಗಳ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಾಮಾನ್ಯವಾದ ಪ್ರಸಾರದಲ್ಲಿ ಒಂದು ಕೊರತೆ ಉಳಿದೇ ಇರುತ್ತದೆ. ಹೇಳುವವರು ಹೇಳುತ್ತಾ ಹೋಗುತ್ತಾರೆ. ಕೇಳುವವರು ಕೇಳುತ್ತಾ ಕೂರುತ್ತಾರೆ. ನದಿ ಹರಿದುಹೋಗುತ್ತದೆ, ದಡದ ಕಲ್ಲು ಇದ್ದಲ್ಲೇ ಇರುತ್ತದೆ.

ಈ ಕೊರತೆಯನ್ನು ನೀಗಿಸುವ ಪ್ರಯತ್ನ ಮೊದಲು ನಡೆದುದು ದೂರದ ಒಂದು ಸಣ್ಣ ದೇಶದಲ್ಲಿ. 1970ರ ದಶಕದ ಮಧ್ಯಭಾಗದಲ್ಲಿ ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ಬಾನುಲಿಯ ಮೂಲಕ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗಣಿತ ಕಲಿಸಲು ಹೊರಟರು. ಅವರು ಕಂಡುಕೊಂಡ ಉಪಾಯ ಬಹು ಸರಳವಾದುದು. ಬಾನುಲಿಯ ಧ್ವನಿ ಒಂದು ಪ್ರಶ್ನೆಯನ್ನು ಕೇಳಿ ಕೆಲವು ಕ್ಷಣ ಮೌನವಾಗುತ್ತಿತ್ತು. ಆ ಮೌನದಲ್ಲಿ ಮಕ್ಕಳು ಗಟ್ಟಿಯಾಗಿ ಉತ್ತರ ಹೇಳುತ್ತಿದ್ದರು, ಇಲ್ಲವೆ ಹಾಳೆಯ ಮೇಲೆ ಬರೆಯುತ್ತಿದ್ದರು. ಬಳಿಕ ಧ್ವನಿ ಸರಿಯುತ್ತರವನ್ನು ಹೇಳುತ್ತಿತ್ತು. ಹೀಗೆ ಅರ್ಧ ಗಂಟೆಯ ಪಾಠದಲ್ಲಿ ಪ್ರತಿಯೊಂದು ಮಗುವೂ ಹತ್ತಾರು ಬಾರಿ ಬಾಯಿ ತೆರೆಯುತ್ತಿತ್ತು, ಕೈಯಾಡಿಸುತ್ತಿತ್ತು. ಪರೀಕ್ಷಿಸಿ ನೋಡಿದಾಗ, ಎಂದಿನ ರೀತಿಯಲ್ಲಿ ಕಲಿತವರಿಗಿಂತ ಈ ಮಕ್ಕಳು ಗಣಿತದಲ್ಲಿ ಮುಂದಿದ್ದರು.

ಗಣಿತವೇನೋ ಆಯಿತು, ವಿಜ್ಞಾನದ ಗತಿಯೇನು? ಏಳು ಎಂಟಲ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಒಂದೇ. ಅದನ್ನು ಐದು ಕ್ಷಣದಲ್ಲಿ ಹೇಳಬಹುದು. ಬೀಜ ಮೊಳೆಯುವುದನ್ನು ಐದು ಕ್ಷಣದಲ್ಲಿ ನೋಡಲಾಗುವುದೇ? ಈ ಕಷ್ಟವನ್ನು ಎದುರಿಸಿದ ನಾಡು ಪಾಪುವಾ ನ್ಯೂ ಗಿನಿ. ಎಂಟುನೂರಕ್ಕೂ ಹೆಚ್ಚು ಭಾಷೆಗಳಿರುವ, ಬೆಟ್ಟಗಳೂ ದ್ವೀಪಗಳೂ ತುಂಬಿರುವ ಆ ದೇಶದಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಪ್ರಾಥಮಿಕ ತರಗತಿಗಳಿಗೆ ಬಾನುಲಿಯ ಮೂಲಕ ವಿಜ್ಞಾನವನ್ನು ಕಲಿಸುವ ಯೋಜನೆ ನಡೆಯಿತು. ಅಲ್ಲಿ ಧ್ವನಿ ಕೇವಲ ಪ್ರಶ್ನೆ ಕೇಳಿ ನಿಲ್ಲಲಿಲ್ಲ. ಮಕ್ಕಳ ಕೈಗೆ ಕೆಲಸವನ್ನೂ ಕೊಟ್ಟಿತು. ಸುತ್ತಮುತ್ತ ಸಿಗುವ ಸಾಮಾನ್ಯ ವಸ್ತುಗಳೇ ಅದರ ಉಪಕರಣಗಳು; ತರಗತಿಯ ಉಪಾಧ್ಯಾಯರೇ ಅದರ ಸಹಾಯಕರು. ನಮ್ಮ ರಾಜ್ಯದಲ್ಲಿಯೂ ಈ ಶತಮಾನದ ಮೊದಲ ದಶಕದಲ್ಲಿ ಆಕಾಶವಾಣಿಯ ನಿಲಯಗಳಿಂದ ‘ಚಿನ್ನರ ಚುಕ್ಕಿ’, ‘ಕೇಳಿ-ಕಲಿ’ ಮೊದಲಾದ ಶಾಲಾ ಕಾರ್ಯಕ್ರಮಗಳು ಪ್ರಸಾರವಾದವು. ಹಾಡು, ಕಥೆ, ಸಂಭಾಷಣೆ, ಆಟಗಳನ್ನು ಹೆಣೆದು ಪಾಠವನ್ನು ರೂಪಿಸುವ ಕಲೆ ನಮಗೆ ಅಪರಿಚಿತವಲ್ಲ ಎಂಬುದಕ್ಕೆ ಅವೇ ಸಾಕ್ಷಿ.

ಇಂತಹ ಒಂದು ಪಾಠ ಹೇಗಿರಬೇಕೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ. ನಾಲ್ಕನೆಯ ತರಗತಿಯ ಮಕ್ಕಳು ಗುಂಪುಗುಂಪಾಗಿ ಕುಳಿತಿದ್ದಾರೆ. ಪ್ರತಿ ಗುಂಪಿನ ಮುಂದೆ ಒಂದೇ ಅಳತೆಯ ಮೂರು ಗಾಜಿನ ಲೋಟಗಳು, ಒಂದು ಚಮಚ, ಒಂದು ಚೊಂಬು ನೀರು, ಕಿರಿದಾದ ಬಾಯಿಯ ಒಂದು ಸೀಸೆ ಇವೆ. ಮೊದಲು ಜಲತರಂಗದ ಒಂದು ಸಣ್ಣ ತುಣುಕು ಕೇಳಿಬರುತ್ತದೆ. ಬಳಿಕ ಧ್ವನಿ ಹೇಳುತ್ತದೆ: “ಮಕ್ಕಳೇ, ಇದು ನೀರು ತುಂಬಿದ ಪಿಂಗಾಣಿ ಬಟ್ಟಲುಗಳ ಸಂಗೀತ. ನಿಮ್ಮ ಒಂದು ಲೋಟದಲ್ಲಿ ಸ್ವಲ್ಪ, ಇನ್ನೊಂದರಲ್ಲಿ ಅರ್ಧ, ಮತ್ತೊಂದರಲ್ಲಿ ಮುಕ್ಕಾಲು ಭಾಗ ನೀರು ಹಾಕಿ. ಇನ್ನೂ ತಟ್ಟಬೇಡಿ. ಯಾವ ಲೋಟದ ದನಿ ಎಲ್ಲಕ್ಕಿಂತ ಕೀರಲು? ಮೊದಲು ಊಹಿಸಿ.” ಧ್ವನಿ ನಿಲ್ಲುತ್ತದೆ. ತರಗತಿಯಲ್ಲಿ ಗದ್ದಲವೇಳುತ್ತದೆ. ಅನಂತರ ತಟ್ಟಿ ನೋಡಲು ಅಪ್ಪಣೆಯಾಗುತ್ತದೆ. ನೀರು ಹೆಚ್ಚಾದಷ್ಟೂ ದನಿ ದಪ್ಪವಾಗುವುದನ್ನು ಮಕ್ಕಳು ತಮ್ಮ ಕಿವಿಯಿಂದಲೇ ಅರಿಯುತ್ತಾರೆ.

ಪಾಠ ಇಲ್ಲಿಗೆ ಮುಗಿದರೆ ಅದು ಸಾಧಾರಣವಾದ ಪಾಠ. ಧ್ವನಿ ಮತ್ತೆ ಕೇಳುತ್ತದೆ: “ಈಗ ಸೀಸೆಯನ್ನು ತೆಗೆದುಕೊಳ್ಳಿ. ಅದರ ಬಾಯಿಯ ಅಂಚಿಗೆ ತುಟಿಯಿಟ್ಟು ಮೆಲ್ಲನೆ ಊದಿ. ಬಳಿಕ ಸ್ವಲ್ಪ ನೀರು ಹಾಕಿ ಮತ್ತೆ ಊದಿ. ದನಿ ದಪ್ಪವಾಗುವುದೋ, ಕೀರಲಾಗುವುದೋ?” ಈಗ ಎಲ್ಲ ಮಕ್ಕಳೂ ದಪ್ಪವಾಗುವುದೆಂದೇ ಹೇಳುತ್ತಾರೆ, ಈಗತಾನೇ ಲೋಟದಿಂದ ಕಲಿತಿದ್ದಾರಲ್ಲವೇ! ಊದಿ ನೋಡಿದರೆ ಆಗುವುದು ಅದಕ್ಕೆ ವಿರುದ್ಧ. ನೀರು ಹೆಚ್ಚಿದಷ್ಟೂ ದನಿ ಕೀರಲಾಗುತ್ತದೆ. ಮಕ್ಕಳು ಬೆರಗಾಗುತ್ತಾರೆ, ಕೆಲವರು ಮತ್ತೊಮ್ಮೆ ಊದಿ ನೋಡುತ್ತಾರೆ. ವಿಜ್ಞಾನ ಹುಟ್ಟುವುದು ಈ ಗಳಿಗೆಯಲ್ಲಿ. ಲೋಟವನ್ನು ತಟ್ಟಿದಾಗ ನಡುಗುವುದು ಗಾಜು. ನೀರಿನ ಭಾರ ಹೆಚ್ಚಿದಂತೆ ಅದರ ನಡುಕ ನಿಧಾನವಾಗುತ್ತದೆ. ಸೀಸೆಯನ್ನು ಊದಿದಾಗ ನಡುಗುವುದು ಒಳಗಿನ ಗಾಳಿ. ನೀರು ಏರಿದಂತೆ ಗಾಳಿಗೆ ಸ್ಥಳ ಕಡಮೆಯಾಗಿ ಅದರ ನಡುಕ ಚುರುಕಾಗುತ್ತದೆ. ‘ಏನು ನಡುಗುತ್ತಿದೆ?’ ಎಂಬ ಪ್ರಶ್ನೆಯನ್ನು ಮಕ್ಕಳ ಬಾಯಿಂದಲೇ ಹೊರಡಿಸಿದರೆ ಆ ದಿನದ ಪಾಠ ಸಾರ್ಥಕ.

ಈ ಪಾಠದಲ್ಲಿ ಧ್ವನಿ ಎಷ್ಟು ಹೊತ್ತು ಮಾತನಾಡಿತು ಎಂಬುದಕ್ಕಿಂತ ಯಾವಾಗ ಸುಮ್ಮನಾಯಿತು ಎಂಬುದು ಮುಖ್ಯ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಬಿಟ್ಟ ಆ ಮೌನವೇ ಮಗುವಿನ ಪಾಲಿನ ಜಾಗ. ಅಲ್ಲಿ ಅದು ಊಹಿಸುತ್ತದೆ, ಕೈಯಾರೆ ಮಾಡುತ್ತದೆ, ತನ್ನ ಊಹೆ ಸರಿಯೋ ತಪ್ಪೋ ಎಂದು ತಾನೇ ತೀರ್ಮಾನಿಸುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಕಣ್ಣಿಗೆ ಕಂಡುದನ್ನೇ ಪ್ರಮಾಣಿಸಬೇಕೆಂದ ಮೇಲೆ ಪೆಟ್ಟಿಗೆಯಿಂದ ಹೊರಟ ಮಾತನ್ನು ಹಾಗೆಯೇ ನಂಬುವುದು ಹೇಗೆ? ಉತ್ತರವನ್ನು ತಟಕ್ಕನೆ ಒದಗಿಸುವ ಯಂತ್ರ ಎಷ್ಟೇ ಸೊಗಸಾಗಿದ್ದರೂ ಅದು ಮಗುವಿನಿಂದ ಈ ಜಾಗವನ್ನು ಕಸಿದುಕೊಳ್ಳುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ವಿಜ್ಞಾನ ಕಣ್ಣಿನ ವಿದ್ಯೆ. ಚಿತ್ರವನ್ನು ತೋರಿಸದೆ ಬರಿಯ ಧ್ವನಿಯಿಂದ ಅದನ್ನು ಕಲಿಸುವುದು ಕತ್ತಲೆಯಲ್ಲಿ ಕನ್ನಡಿ ಹಿಡಿದಂತೆ ಎಂದು ಹಲವರು ಹೇಳುತ್ತಾರೆ. ಈ ಮಾತು ಅರ್ಧ ಸತ್ಯ. ಎಲೆಯ ನರಗಳನ್ನು, ಚಂದ್ರನ ಕಲೆಗಳನ್ನು ಕಣ್ಣಿನಿಂದಲೇ ನೋಡಬೇಕು. ಆದರೆ ಕಿವಿಯೂ ವಿಜ್ಞಾನದ ಒಂದು ಉಪಕರಣ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಹೃದಯದ ಬಡಿತವನ್ನು ಆಲಿಸಿದ. ಮರದ ತೊಲೆಯ ಒಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬ ಸಂಗತಿ ಆಗ ಅವನಿಗೆ ನೆನಪಾಯಿತಂತೆ. ವೈದ್ಯರ ಕೊರಳಿನಲ್ಲಿ ನಾವು ಕಾಣುವ ಸ್ಟೆತಾಸ್ಕೋಪು ಹುಟ್ಟಿದುದು ಹೀಗೆ. ನಮ್ಮವರೇ ಆದ ಸಿ. ವಿ. ರಾಮನ್ ಅವರು ಬೆಳಕಿನ ಸಂಶೋಧನೆಗಾಗಿ ಲೋಕವಿಖ್ಯಾತರಾಗುವ ಮುನ್ನ ಮೃದಂಗ, ತಬಲಗಳ ನಾದವನ್ನು ಅಭ್ಯಾಸ ಮಾಡಿದವರು. ಚರ್ಮದ ನಡುವೆ ಮೆತ್ತಿದ ಕಪ್ಪು ಕರಣೆಯಿಂದಾಗಿ ಆ ವಾದ್ಯಗಳು ಬರಿಯ ಸದ್ದಿಗೆ ಬದಲಾಗಿ ಶ್ರುತಿಬದ್ಧವಾದ ನಾದವನ್ನು ಹೊರಡಿಸುತ್ತವೆ ಎಂದು ಅವರು ತೋರಿಸಿಕೊಟ್ಟರು.

ಮಳೆಗಾಲದ ರಾತ್ರಿ ಗದ್ದೆಯ ಬದಿಯಲ್ಲಿ ನಿಂತು ಆಲಿಸಿದರೆ ಕಪ್ಪೆಗಳ ಜಾತಿಗಳನ್ನು ದನಿಯಿಂದಲೇ ಗುರುತಿಸಬಹುದು. ‘ಕುಹೂ’ ಎಂದು ಕೂಗುವುದು ಗಂಡು ಕೋಗಿಲೆ. ಹೆಣ್ಣು ಕೋಗಿಲೆಯ ಮೈಬಣ್ಣವೂ ಬೇರೆ, ದನಿಯೂ ಬೇರೆ. ಇವನ್ನು ಪುಸ್ತಕದ ಚಿತ್ರ ಹೇಳಲಾರದು; ಧ್ವನಿ ಹೇಳಬಲ್ಲದು. ಇನ್ನೂ ಒಂದು ಮಾತುಂಟು. ದೃಷ್ಟಿಯಿಲ್ಲದ ಮಗು ಚಿತ್ರಪಟದ ಮುಂದೆ ಹೊರಗಿನದಾಗಿಬಿಡುತ್ತದೆ. ಲೋಟ, ಸೀಸೆಗಳ ಪಾಠದಲ್ಲಿ ಅದು ಎಲ್ಲರಿಗೂ ಸಮಾನ. ಒಮ್ಮೊಮ್ಮೆ ಎಲ್ಲರಿಗಿಂತ ಮುಂದು.

ಇನ್ನು ಆಟದ ವಿಚಾರ. ಆಟವಾಡಿದರೆ ಪಾಠ ಕೆಡುತ್ತದೆ ಎಂಬ ಭಯ ನಮ್ಮ ತಾಯಿತಂದೆಯರಲ್ಲಿ ಇನ್ನೂ ಹೋಗಿಲ್ಲ. ಆದರೆ ಮಗು ಬುಗುರಿಯನ್ನು ಆಡಿಸುವಾಗ, ಗಾಳಿಪಟಕ್ಕೆ ಸೂತ್ರ ಕಟ್ಟುವಾಗ, ಚಿನ್ನಿದಾಂಡಿನಲ್ಲಿ ಚಿನ್ನಿಯ ತುದಿಯನ್ನು ಹದವರಿತು ತಟ್ಟುವಾಗ ಮಾಡುತ್ತಿರುವುದೇನು? ಕಾರಣಕ್ಕೂ ಕಾರ್ಯಕ್ಕೂ ಇರುವ ಸಂಬಂಧವನ್ನು ಹುಡುಕುತ್ತಿದೆ. ಸೂತ್ರವನ್ನು ಒಂದು ಬೆರಳಿನಷ್ಟು ಮೇಲೆ ಕಟ್ಟಿದರೆ ಪಟ ಏರುವುದೇ, ಗೋತ ಹೊಡೆಯುವುದೇ ಎಂದು ಪರೀಕ್ಷಿಸುತ್ತಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯದ ತುಂಬ ಹರಡಿದ ‘ನಲಿ-ಕಲಿ’ ಪದ್ಧತಿ ನಿಮಗೆ ಪರಿಚಿತವಾದುದೇ. ನಲಿವಿಗೂ ಕಲಿಕೆಗೂ ಹಗೆತನವಿಲ್ಲವೆಂಬುದನ್ನು ಆ ಹೆಸರೇ ಸಾರುತ್ತದೆ.

ಆದರೆ ಆಟವೆಂದು ಕರೆದುದೆಲ್ಲವೂ ವಿಜ್ಞಾನವನ್ನು ಕಲಿಸುವುದಿಲ್ಲ. ಹಾವು-ಏಣಿಯ ಆಟವನ್ನು ಆರೋಗ್ಯದ ಪಾಠವಾಗಿ ಮಾರ್ಪಡಿಸಿದ ಪಟಗಳನ್ನು ನೀವು ನೋಡಿರಬಹುದು. ‘ಕೈ ತೊಳೆದೆ’ ಎಂಬ ಮನೆಯಲ್ಲಿ ಏಣಿ, ‘ಕೊಳಕು ನೀರು ಕುಡಿದೆ’ ಎಂಬ ಮನೆಯಲ್ಲಿ ಹಾವು. ಉದ್ದೇಶವೇನೋ ಒಳ್ಳೆಯದು. ಆದರೆ ಮಗು ಆ ಮನೆಗೆ ಬಂದುದು ದಾಳ ಬಿದ್ದ ರೀತಿಯಿಂದ. ತಾನು ಯೋಚಿಸಿ ಮಾಡಿದ ಕೆಲಸದಿಂದಲ್ಲ. ಕೈ ತೊಳೆಯುವುದೂ ಬಿಡುವುದೂ ಅದೃಷ್ಟವೆಂಬ ಭಾವನೆಯನ್ನೇ ಆಟ ಬೆಳೆಸಿದಂತಾಯಿತು. ಇದು ವಿಜ್ಞಾನಕ್ಕೆ ತೀರ ವಿರುದ್ಧವಾದ ಭಾವನೆ. ವಿಜ್ಞಾನದ ಆಟದಲ್ಲಿ ಆಟದ ನಿಯಮ ನಿಸರ್ಗದ ನಿಯಮದಿಂದಲೇ ಹುಟ್ಟಬೇಕು.

ಅಂತಹ ಆಟಗಳೂ ಇವೆ. ಮಕ್ಕಳು ವೃತ್ತಾಕಾರವಾಗಿ ನಿಂತು ಒಬ್ಬೊಬ್ಬರು ಒಂದೊಂದು ಜೀವಿಯಾಗಲಿ: ಭತ್ತ, ಮಿಡತೆ, ಇಲಿ, ಕಪ್ಪೆ, ಕೇರೆಹಾವು, ಗೂಬೆ. ಯಾವುದು ಯಾವುದನ್ನು ತಿನ್ನುವುದೋ ಅವುಗಳ ನಡುವೆ ಒಂದು ದಾರವನ್ನು ಎಳೆದು ಹಿಡಿಯಲಿ. ಈಗ ಕಪ್ಪೆಯಾದವನು ನೆಲದ ಮೇಲೆ ಕುಸಿದು ಕುಳಿತರೆ ದಾರದ ಎಳೆತ ಮಿಡತೆಗೂ ಹಾವಿಗೂ ಒಮ್ಮೆಲೇ ತಿಳಿಯುತ್ತದೆ. ಅವರ ಮೂಲಕ ಭತ್ತಕ್ಕೂ ಮುಟ್ಟುತ್ತದೆ. ಒಂದು ಜೀವಿ ಅಳಿದರೆ ಉಳಿದವು ಏಕೆ ತತ್ತರಿಸುತ್ತವೆ ಎಂಬುದನ್ನು ಬೆರಳೇ ಹೇಳುತ್ತದೆ.

ಧ್ವನಿ ಮತ್ತು ಆಟ ಎರಡೂ ಕೂಡುವ ಆಟ ಇನ್ನೊಂದಿದೆ. ಒಬ್ಬ ಬಾಲಕನ ಕಣ್ಣಿಗೆ ಬಟ್ಟೆ ಕಟ್ಟಿ ‘ಬಾವಲಿ’ಯಾಗಿ ನಿಲ್ಲಿಸುತ್ತಾರೆ, ಮತ್ತೊಬ್ಬ ‘ಪತಂಗ’. ಬಾವಲಿ ‘ಪತಂಗ’ ಎಂದು ಕೂಗಿದೊಡನೆ ಪತಂಗ ಓಗೊಡಬೇಕು. ಆ ದನಿಯ ಜಾಡು ಹಿಡಿದು ಬಾವಲಿ ಅದನ್ನು ಮುಟ್ಟಬೇಕು. ನಮ್ಮ ಕಣ್ಣಾಮುಚ್ಚಾಲೆಗೆ ಇದು ಸೋದರ. ಇಟಲಿಯ ಸ್ಪಲ್ಲಂಜಾನಿ 1790ರ ದಶಕದಲ್ಲಿಯೇ ಬಾವಲಿಗಳು ಕಣ್ಣಿನ ನೆರವಿಲ್ಲದೆ ಹಾರಬಲ್ಲವೆಂದು ತೋರಿಸಿದ್ದ. ಅವು ನಮ್ಮ ಕಿವಿಗೆ ನಿಲುಕದ ಕೀರಲು ದನಿಯನ್ನು ಹೊರಡಿಸುತ್ತವೆಂಬುದು ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್ ಅವರಿಂದ 1938ರಲ್ಲಿ ತಿಳಿದುಬಂದಿತು. ಆಟ ಮುಗಿದ ಮೇಲೆ ಧ್ವನಿ ಕೇಳಬೇಕಾದ ಪ್ರಶ್ನೆ ಇದು: “ನಮ್ಮ ಆಟದಲ್ಲಿ ನಿಜವಾದ ಬಾವಲಿಗಿಂತ ಬೇರೆಯಾಗಿ ನಡೆದುದು ಯಾವುದು?” ನಿಜವಾದ ಪತಂಗ ಓಗೊಡುವುದಿಲ್ಲ, ಬಾವಲಿಯ ದನಿಯೇ ಅದಕ್ಕೆ ತಾಗಿ ಮರಳಿ ಬರುತ್ತದೆ. ಆಲದ ಮರದಲ್ಲಿ ತೂಗಾಡುವ ಹಣ್ಣುತಿನ್ನುವ ದೊಡ್ಡ ಬಾವಲಿಗಳ ರೀತಿಯೇ ಬೇರೆ. ಅವು ಕಣ್ಣನ್ನೂ ಮೂಗನ್ನೂ ನೆಚ್ಚುತ್ತವೆ. ಆಟ ಎಲ್ಲಿಯವರೆಗೆ ಸತ್ಯ, ಎಲ್ಲಿಂದಾಚೆಗೆ ಕೇವಲ ಆಟ ಎಂಬ ವಿವೇಕವನ್ನು ಹೀಗೆ ಆಟದಿಂದಲೇ ಕಲಿಸಬಹುದು.

ಎರಡನೆಯ ಆಕ್ಷೇಪ ನನ್ನ ವೃತ್ತಿಬಾಂಧವರದು. ಪೆಟ್ಟಿಗೆಯೇ ಪಾಠ ಹೇಳಿದರೆ ಉಪಾಧ್ಯಾಯರೇಕೆ ಎಂದು ಅವರು ಆತಂಕಪಡುತ್ತಾರೆ. ಈ ಆತಂಕಕ್ಕೆ ಆಧಾರವಿಲ್ಲ. ಧ್ವನಿಗೆ ಕಿವಿಯಿಲ್ಲ. ಹಿಂದಿನ ಸಾಲಿನ ಹುಡುಗಿ ತುಟಿ ಬಿಚ್ಚದೆ ಕುಳಿತಿರುವುದು ಅದಕ್ಕೆ ಕಾಣಿಸದು. ಸೀಸೆಯನ್ನು ಊದಿದರೂ ದನಿ ಬಾರದೆ ಕಣ್ಣು ತುಂಬಿಕೊಂಡ ಬಾಲಕನ ಬೆನ್ನು ತಟ್ಟಲು ಅದಕ್ಕೆ ಕೈಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಯಾರೂ ನಿರೀಕ್ಷಿಸದ ಪ್ರಶ್ನೆಯೊಂದನ್ನು ಮಗು ಕೇಳಿದಾಗ “ಬಾ, ನೋಡೋಣ” ಎನ್ನಲು ಒಬ್ಬ ಮನುಷ್ಯನೇ ಬೇಕು. ಹಿಂದಿನ ಪ್ರಸಾರಗಳಲ್ಲಿ ಗಡಿಯಾರದ ಮುಳ್ಳಿನೊಡನೆ ಓಡಬೇಕಾಗಿತ್ತು. ನಿಧಾನವಾದ ತರಗತಿ ಹಿಂದುಳಿಯುತ್ತಿತ್ತು. ಇಂದು ಮುದ್ರಿಸಿದ ಪಾಠವನ್ನು ಬೇಕಾದಲ್ಲಿ ನಿಲ್ಲಿಸಬಹುದು, ಮತ್ತೆ ಕೇಳಿಸಬಹುದು. ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವ ಅಧಿಕಾರ ಉಪಾಧ್ಯಾಯರ ಬೆರಳಿನಲ್ಲಿಯೇ ಇದೆ.

ಉಪಾಧ್ಯಾಯರನ್ನು ಬಿಟ್ಟು ವಿಜ್ಞಾನಶಿಕ್ಷಣದ ಸುಧಾರಣೆಯಾಗದು ಎಂಬುದಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಪ್ರಯೋಗ ಒಂದು ಪಾಠ. 1972ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಮಕ್ಕಳು ತಾವೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ ಆರಂಭವಾಯಿತು. ಬಹುದೂರದವರೆಗೆ ಹರಡಿ 2002ರವರೆಗೆ ನಡೆಯಿತು. ಅವರು ಸಾಮಾನುಗಳ ಪೆಟ್ಟಿಗೆಯನ್ನು ಕೊಟ್ಟು ಸುಮ್ಮನಾಗಲಿಲ್ಲ. ಉಪಾಧ್ಯಾಯರಿಗೆ ತರಬೇತಿ ನೀಡಿದರು. ಪರೀಕ್ಷೆಯ ರೀತಿಯನ್ನೂ ಬದಲಾಯಿಸಿದರು. ಪುಸ್ತಕವನ್ನು ತೆರೆದಿಟ್ಟುಕೊಂಡೇ ಬರೆಯುವ ಪರೀಕ್ಷೆ, ಕೈಯಿಂದ ಮಾಡಿ ತೋರಿಸುವ ಪರೀಕ್ಷೆ ಅಲ್ಲಿ ನಡೆದವು. ಧ್ವನಿ, ಆಟಗಳ ಪಾಠಕ್ಕೂ ಇದೇ ಮಾತು ಸಲ್ಲುತ್ತದೆ. ವರ್ಷವೆಲ್ಲ ಊಹಿಸು, ಮಾಡಿ ನೋಡು ಎಂದು ಕಲಿಸಿ, ಕೊನೆಗೆ ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸೆಂದರೆ ಮಕ್ಕಳು ಯಾವುದನ್ನು ನಂಬಬೇಕು?

ಈಗ ಕಾಲ ಬದಲಾಗಿದೆ. ಅನೇಕ ಮನೆಗಳಲ್ಲಿ ಮೊಬೈಲು ಬಂದಿದೆ. 2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಅದರೊಳಕ್ಕೂ ‘ಚಂದನ’ ವಾಹಿನಿಗೂ ಬಂದವು. ವಿಜ್ಞಾನದ ಆಟಗಳೆಂಬ ಹೆಸರಿನಲ್ಲಿ ಇಂದು ಮೊಬೈಲಿನಲ್ಲಿ ದೊರೆಯುವ ಹಲವು ಆಟಗಳನ್ನು ನಾನು ನೋಡಿದ್ದೇನೆ. ಗ್ರಹಗಳ ಹೆಸರನ್ನು ಸರಿಯಾಗಿ ಮುಟ್ಟಿದರೆ ನಾಣ್ಯದ ಸದ್ದು. ತಪ್ಪಿದರೆ ಬುಸ್ಸೆಂಬ ಸದ್ದು. ಹಳೆಯ ಬಾಯಿಪಾಠವೇ ಬಣ್ಣದ ಅಂಗಿ ತೊಟ್ಟು ಬಂದಿದೆ. ಅಂಕಗಳಿಗಾಗಿ ಆಡುವ ಮಗು ಅಂಕ ಬಾರದ ಕಡೆ ಕಣ್ಣೆತ್ತಿ ನೋಡುವುದಿಲ್ಲ. ಆಕಾಶದ ನಿಜವಾದ ಗುರುಗ್ರಹ ಅಂಗಳಕ್ಕೆ ಬಂದರೆ ಕಾಣುತ್ತದೆ. ಅದನ್ನು ನೋಡಿದವರಿಗೆ ಯಾರೂ ನಾಣ್ಯ ಕೊಡುವುದಿಲ್ಲ. ಆದ್ದರಿಂದ ಧ್ವನಿಯ ಪಾಠವನ್ನಾಗಲಿ ಆಟವನ್ನಾಗಲಿ ಅಳೆಯಲು ನಾನು ಒಂದೇ ಒರೆಗಲ್ಲನ್ನು ಸೂಚಿಸುತ್ತೇನೆ. ಪಾಠ ಮುಗಿದ ಮೇಲೆ ಮಗು ಉಪಕರಣದ ಕಡೆ ತಿರುಗಿತೋ, ಪ್ರಪಂಚದ ಕಡೆ ತಿರುಗಿತೋ? ಪ್ರಪಂಚದ ಕಡೆ ತಿರುಗಿದ್ದರೆ ಅದು ಒಳ್ಳೆಯ ಪಾಠ.

ಇಷ್ಟು ದೀರ್ಘವಾಗಿ ಚರ್ಚಿಸುವುದಕ್ಕೆ ಇದು ಅಷ್ಟು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ದೊಡ್ಡದೆಂದೇ ನನ್ನ ನಂಬಿಕೆ. ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಪ್ರಯೋಗಶಾಲೆಯುಂಟು, ವಸ್ತುಸಂಗ್ರಹಾಲಯವುಂಟು, ತಾರಾಲಯವುಂಟು. ಮಲೆನಾಡಿನ ಒಂಟಿ ಕೊಠಡಿಯ ಶಾಲೆಯಲ್ಲಿ ಒಬ್ಬರೇ ಉಪಾಧ್ಯಾಯರು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕು. ಒಂದು ತರಗತಿಗೆ ಪಾಠ ಹೇಳುವಾಗ ಉಳಿದ ಮಕ್ಕಳ ಹೊತ್ತು ವ್ಯರ್ಥವಾಗುತ್ತದೆ. ಅಂತಹ ಶಾಲೆಗೆ ಬೆಲೆಬಾಳುವ ಪರದೆಗಳು ತಲುಪುವುದಕ್ಕೆ ಮೊದಲೇ ಒಂದು ಧ್ವನಿ ತಲುಪಬಲ್ಲದು. ಅದಕ್ಕೆ ಬೇಕಾದುದು ಅಂಗೈಯಗಲದ ಒಂದು ಉಪಕರಣ, ಸ್ವಲ್ಪ ವಿದ್ಯುತ್ತು. ಉಳಿದ ಸಾಮಗ್ರಿಗಳು ಅಡಿಗೆಮನೆಯಲ್ಲಿಯೂ ಅಂಗಳದಲ್ಲಿಯೂ ಇವೆ. ಆ ಧ್ವನಿ ಮಗುವಿನ ಮನೆಮಾತಿಗೆ ಹತ್ತಿರವಾದ ಕನ್ನಡದಲ್ಲಿ ಮಾತನಾಡಬಲ್ಲದು; ಕಲಬುರಗಿಯ ಮಗುವಿಗೂ ಕುಂದಾಪುರದ ಮಗುವಿಗೂ ಅವರವರ ಊರಿನ ಹಕ್ಕಿಗಳನ್ನು, ಬೆಳೆಗಳನ್ನು ಹೆಸರಿಸಬಲ್ಲದು. ಪ್ರಶ್ನೆ ಕೇಳುವ ಹಕ್ಕು ಊರಿನ ದೂರವನ್ನಾಗಲಿ ತಂದೆಯ ಆದಾಯವನ್ನಾಗಲಿ ಅವಲಂಬಿಸಬಾರದು. ಚಿಕ್ಕ ವಯಸ್ಸಿನಲ್ಲಿ ‘ಏಕೆ’ ಎಂದು ಕೇಳಿ ಉತ್ತರವನ್ನು ತಾನೇ ಹುಡುಕುವ ಅಭ್ಯಾಸವಾದವನು ಬೆಳೆದ ಮೇಲೆ ವದಂತಿಗೆ ಬೆದರುವುದಿಲ್ಲ, ಮೂಢನಂಬಿಕೆಗೆ ಮರುಳಾಗುವುದಿಲ್ಲ. ಅಂತಹ ಪ್ರಜೆಗಳಿಂದಲೇ ನಾಡಿನ ಬಾಳು ಹಸನಾಗುತ್ತದೆ.

ಈ ಕಾರ್ಯ ಸರ್ಕಾರದ್ದು, ಪಂಡಿತರದ್ದು ಎಂದು ನೀವು ಸುಮ್ಮನಿರಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಪ್ರಾಥಮಿಕ ಶಾಲೆಗೆ ಹೋಗುವ ತಮ್ಮನೋ ತಂಗಿಯೋ ಇರಬಹುದು. ನೆರೆಮನೆಯಲ್ಲಿಯಾದರೂ ಅಂತಹ ಮಗುವೊಂದು ಇದ್ದೇ ಇರುತ್ತದೆ. ಅದನ್ನು ಕೂರಿಸಿಕೊಂಡು ಹತ್ತು ನಿಮಿಷದ ಒಂದು ಪಾಠವನ್ನು ನೀವೇ ರೂಪಿಸಿ. ಒಂದು ಬೋಗುಣಿ ನೀರು, ಸಿಪ್ಪೆಸಹಿತವಾದ ಒಂದು ಕಿತ್ತಳೆಹಣ್ಣು ಸಾಕು. ತೇಲುವುದೋ ಮುಳುಗುವುದೋ ಎಂದು ಕೇಳಿ. ಹಣ್ಣು ತೇಲಿದ ಮೇಲೆ ಸಿಪ್ಪೆಯನ್ನು ಸುಲಿದು, “ಈಗ ಹಗುರವಾಯಿತಲ್ಲ, ಏನಾಗಬಹುದು?” ಎಂದು ಮತ್ತೆ ಕೇಳಿ. ಆಮೇಲೆ ಸುಮ್ಮನಿರಿ. ಉತ್ತರ ನಿಮ್ಮ ನಾಲಗೆಯ ತುದಿಯಲ್ಲಿದ್ದರೂ ಹೇಳಬೇಡಿ. ಮಗು ತನ್ನ ಕೈಯಿಂದಲೇ ಹಣ್ಣನ್ನು ನೀರಿಗಿಳಿಸಲಿ, ಅದು ಮುಳುಗುವುದನ್ನು ನೋಡಲಿ, ಕಣ್ಣರಳಿಸಿ ನಿಮ್ಮತ್ತ ತಿರುಗಿ “ಏಕೆ?” ಎಂದು ಕೇಳಲಿ.